ನೋಡಿಕೊಳ್ಳುವವರಿಗೆ, ಏಳು ದಿನ

ಮಾರ್ಚ್ ೩, ಸೋಮವಾರ

ಅಳತೆ ಪುಸ್ತಕದ ಹಿಂಬದಿಯಿಂದ ಬರೆಯುತ್ತಿದ್ದೇನೆ. ಮುಂದಿನಿಂದ ಗಿರಾಕಿಗಳ ಅಳತೆ, ಹಿಂದಿನಿಂದ ನನ್ನ ಸಿಟ್ಟು. ಎರಡೂ ನಡುವೆ ಎಲ್ಲಾದರೂ ಸೇರಿದಾಗ ಹೊಸ ಪುಸ್ತಕ ತಂದರಾಯಿತು. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವಳ ಅಕ್ಷರ ಇದು. ಯಾರಾದರೂ ಓದಿದ್ದು ಗೊತ್ತಾದರೆ ಕತ್ತರಿ ಕೈಯಲ್ಲೇ ಇರುತ್ತದೆ, ನೆನಪಿರಲಿ.

ಬೆಳಿಗ್ಗೆ ಮಗಳು ಟೀ ಲೋಟ ಹಿಡಿದುಕೊಂಡು ನಿಂತಲ್ಲೇ ಹೇಳಿದಳು. "ಅಮ್ಮಾ, ನಾನು ಎದೆ ದೊಡ್ಡದು ಮಾಡಿಸ್ಕೋತೀನಿ. ಆಪರೇಷನ್. ಏಪ್ರಿಲ್‌ನಲ್ಲಿ."

ಸೋರುವ ನಲ್ಲಿಗೆ ವಾಷರ್ ಹಾಕಿಸುತ್ತೇನೆ ಎಂದಷ್ಟೇ ಸಲೀಸಾಗಿ.

ಅವಳಿಗೆ ಮೂವತ್ತಾರು ವರ್ಷ. ಕನ್ನಡಕದಂಗಡಿಯಲ್ಲಿ ಹನ್ನೊಂದು ವರ್ಷದಿಂದ ಕೆಲಸ. ಮದುವೆ ಬೇಡ ಎಂದಳು, ಸರಿ ಎಂದೆ. ಕೂದಲು ಗಿಡ್ಡ ಕತ್ತರಿಸಿಕೊಂಡಳು, ಒಂದು ವಾರ ಕೂಗಾಡಿ ಸುಮ್ಮನಾದೆ. ಇದಕ್ಕೆ ಸುಮ್ಮನಿರಲಾರೆ.

"ಯಾರಿಗೋಸ್ಕರ?" ಎಂದೆ.

"ನನಗೋಸ್ಕರ."

"ನಿನಗ್ಯಾಕೆ? ನೀನೇನು ಅದನ್ನ ಮುಂದೆ ಇಟ್ಕೊಂಡು ಮಾತಾಡಿಸ್ತೀಯಾ?"

ಲೋಟ ತೊಳೆದಿಟ್ಟು ಹೊರಟೇ ಹೋದಳು. ಯಾವತ್ತೂ ತೊಳೆಯದವಳು.

ನನ್ನ ಕೈಯಿಂದ ಬಿಡಿಗಾಸೂ ಹುಟ್ಟುವುದಿಲ್ಲ. ಇಲ್ಲೇ ಬರೆದಿಟ್ಟಿದ್ದೇನೆ.

ಮಾರ್ಚ್ ೪, ಮಂಗಳವಾರ

ಮೂರು ಅಂಗಿಯ ತೋಳು ತಿರುಗುಮುರುಗು ಹೊಲಿದೆ. ಬಿಚ್ಚಿ ಮತ್ತೆ ಹೊಲಿದೆ. ಕಾಜಾ ಹಾಕುವವಳಿಗೆ ವಿಷಯ ಹೇಳಿದೆ. ಇಪ್ಪತ್ತು ವರ್ಷದಿಂದ ನನ್ನ ಅಂಗಡಿಯ ಮೂಲೆಯಲ್ಲಿ ಕೂತು ಗುಂಡಿ ಕಾಜಾ ಮಾಡುತ್ತಿದ್ದಾಳೆ, ಅವಳಿಗೆ ಹೇಳದೆ ಇನ್ಯಾರಿಗೆ ಹೇಳಲಿ.

"ಅಯ್ಯೋ ಅಕ್ಕಾ, ಈಗೆಲ್ಲ ಮಾಡಿಸ್ಕೋತಾರೆ. ನಾನು ಹಲ್ಲು ಕಟ್ಟಿಸ್ಕೊಳ್ಳಿಲ್ವಾ?"

"ಹಲ್ಲಲ್ಲಿ ಅಗೀತೀಯ. ಇದರಲ್ಲಿ ಏನು ಮಾಡ್ತಾಳೆ?"

"ನಿನಗೇನು ಗೊತ್ತು," ಎಂದು ನಕ್ಕಳು. ಸೂಜಿ ಕಿತ್ತುಕೊಂಡು ಮನೆಗೆ ಕಳಿಸಬೇಕು ಎನ್ನಿಸಿತು. ಇಪ್ಪತ್ತೆರಡು ಕಾಜಾ ಬಾಕಿ ಇತ್ತು, ಸುಮ್ಮನಾದೆ.

ಮಾರ್ಚ್ ೮, ಶನಿವಾರ

ಗಂಡಸು ಯಾರೋ ಇದ್ದಾನೆ. ಇಲ್ಲದಿದ್ದರೆ ಯಾಕೆ ಇದು? ಕನ್ನಡಕದ ಕಾಲು ಸಡಿಲವಾಗಿದೆ ಎಂಬ ನೆಪ ಹೂಡಿ ಅವಳ ಅಂಗಡಿಗೆ ಹೋದೆ. ಕಾಲನ್ನು ನಾನೇ ದಾರಿಯಲ್ಲಿ ಸಡಿಲ ಮಾಡಿಕೊಂಡಿದ್ದೆ.

ಒಳಗೆ ಗಂಡಸರು ಇಬ್ಬರು. ಗಾಜು ಉಜ್ಜುವವನಿಗೆ ಎಪ್ಪತ್ತಾಗಿರಬೇಕು, ಕಿವಿಯೂ ಕೇಳಿಸದು. ಯಜಮಾನನ ಹೊಟ್ಟೆ ಗಲ್ಲಾಪೆಟ್ಟಿಗೆಯ ಮೇಲೆ ಕೂತಿರುತ್ತದೆ. ಇವರಿಗೋಸ್ಕರ ಯಾರೂ ಮೈ ಕೊಯ್ಯಿಸಿಕೊಳ್ಳುವುದಿಲ್ಲ.

ಮಗಳು ಗಿರಾಕಿಯೊಬ್ಬಳಿಗೆ ಕನ್ನಡಿ ಹಿಡಿದು ನಿಂತಿದ್ದಳು. ಆ ಹೆಂಗಸು ಒಂದೊಂದೇ ಫ್ರೇಮು ಹಾಕಿ ತೆಗೆದು, ಹದಿನೈದನೆಯದಕ್ಕೆ ಹಲ್ಲುಬಿಟ್ಟು ನಕ್ಕಳು. ಮಗಳೂ ನಕ್ಕಳು. ಮನೆಯಲ್ಲಿ ಆ ನಗು ನೋಡಿ ಎಷ್ಟು ದಿನವಾಯಿತೋ.

ನನ್ನ ಸ್ಕ್ರೂ ಬಿಗಿ ಮಾಡಿಕೊಡುತ್ತಾ ಮೆಲ್ಲಗೆ ಅಂದಳು. "ಪತ್ತೇದಾರಿ ಮುಗೀತಾ? ದಿನಾ ನಲವತ್ತು ಜನಕ್ಕೆ ಕನ್ನಡಿ ಹಿಡೀತೀನಮ್ಮಾ. ತಮಗೆ ಹೇಗೆ ಬೇಕೋ ಹಾಗೆ ಆರಿಸ್ಕೊಂಡು ಹೋಗ್ತಾರೆ. ಒಬ್ಬರೂ ಯಾರಿಗೋಸ್ಕರ ಅಂತ ಹೇಳಿ ಹೋಗಲ್ಲ."

ಸ್ಕ್ರೂಗೆ ದುಡ್ಡು ತೆಗೆದುಕೊಳ್ಳಲಿಲ್ಲ.

ಮಾರ್ಚ್ ೧೧, ಮಂಗಳವಾರ

ಆಸ್ಪತ್ರೆಗೆ ನಾನೂ ಬರುತ್ತೇನೆ ಎಂದೆ. ಬಾಯಿ ಬಿಡುವುದಿಲ್ಲ ಎಂದು ಮಾತು ಕೊಟ್ಟರೆ ಬಾ ಎಂದಳು. ಕೊಟ್ಟೆ.

ಡಾಕ್ಟರಮ್ಮ ಮಗಳಿಗಿಂತ ಚಿಕ್ಕವಳು. ಎದೆಯೊಳಗೆ ಕೂರಿಸುವಂಥವು, ನೀರು ತುಂಬಿದ ದಿಂಬಿನ ಹಾಗೆ, ನಾಲ್ಕೈದು ಮೇಜಿನ ಮೇಲೆ ಇಟ್ಟಿದ್ದಳು. ಒಂದನ್ನು ಹಿಸುಕಿ ನೋಡಿದೆ. ನಾವು ಕೋಟಿನ ಭುಜಕ್ಕೆ ಇಡುವ ಪ್ಯಾಡಿಗಿಂತ ಮೆತ್ತಗಿದೆ. ಗಾತ್ರ ಆರಿಸುವ ಬಗ್ಗೆ ಏನೋ ಹೇಳಿದಳು, ನನ್ನ ಗಮನ ದಿಂಬಿನ ಮೇಲಿತ್ತು. ಎಲ್ಲಿ ಕೊಯ್ಯುತ್ತಾರೆ, ಸ್ನಾಯುವಿನ ಕೆಳಗೆ ಹೇಗೆ ಜೇಬು ಮಾಡುತ್ತಾರೆ ಎಂದೆಲ್ಲ ಹೇಳಿದಳು. ಮಡಿಕೆಯ ಸಂದಿಯಲ್ಲಿ ಹೊಲಿಗೆ ಬರುತ್ತದಂತೆ, ಹೊರಗೆ ಕಾಣುವುದಿಲ್ಲವಂತೆ. ಹೊಲಿಗೆ ಗೊತ್ತಿರುವವಳೇ. ಅಲ್ಲಿಯವರೆಗೂ ನಾನು ತುಟಿ ಬಿಚ್ಚಲಿಲ್ಲ.

ಆಮೇಲೆ ಕೌಂಟರಿನಲ್ಲಿ ಕೂತಿದ್ದವಳು ಪಟ್ಟಿ ಓದಿದಳು. ಆ ದಿಂಬುಗಳಿಗೆ ಒಂದು ಲಕ್ಷದ ಹತ್ತು ಸಾವಿರ.

"ಎರಡಕ್ಕೂ ಸೇರಿಸಿ ಹೇಳಿದ್ದಾ, ಒಂದಕ್ಕಾ?" ಎಂದೆ. ನ್ಯಾಯವಾದ ಪ್ರಶ್ನೆ.

"ಜೋಡಿಗೆ ಅಮ್ಮಾ."

"ಕಡಿಮೆ ಮಾಡ್ಕೊಳ್ಳಿ. ಒಂದು ಥಾನು ಬಟ್ಟೆ ತಗೊಂಡ್ರೇ ನಮಗೆ ರೇಟು ಬಿಡ್ತಾರೆ. ಇದು ಹೋದ ವರ್ಷದ ಮಾಲು ಇದ್ಯಾ?"

ಕಾದು ಕೂತಿದ್ದ ಇಬ್ಬರು ಹೆಂಗಸರು ಸೆರಗಿಲ್ಲದ್ದಕ್ಕೆ ಕೈಯಲ್ಲೇ ಬಾಯಿ ಮುಚ್ಚಿಕೊಂಡು ನಕ್ಕರು. ಅವರು ನಕ್ಕಿದ್ದಕ್ಕೆ ನಾನು ಇನ್ನೂ ನಾಲ್ಕು ಮಾತು ಸೇರಿಸಿದೆ. ಜನ ನಕ್ಕರೆ ನನಗೆ ಹುರುಪು ಬರುತ್ತದೆ, ಅಂಗಡಿ ನಡೆದದ್ದೇ ಅದರಿಂದ.

ಬಸ್ಸಿನಲ್ಲಿ ಮಗಳು ಕಿಟಕಿಯಿಂದ ಮುಖ ತಿರುಗಿಸಲಿಲ್ಲ. ಇಳಿಯುವಾಗ, "ಇನ್ಮೇಲೆ ನೀನು ಬರ್ಬೇಡ."

ಮಾರ್ಚ್ ೧೩, ಗುರುವಾರ

ಬರಬೇಡ ಎಂದವಳು ಎರಡೇ ದಿನಕ್ಕೆ ತಾನೇ ಬಂದಳು, ನನ್ನಿಂದ ಕೆಲಸ ಮಾಡಿಸಿಕೊಳ್ಳಲು. ಯಾವ ಗಾತ್ರ ಬೇಕೆಂದು ಡಾಕ್ಟರಿಗೆ ಹೇಳಬೇಕಂತೆ. ಅದಕ್ಕೆ ಚೀಲದಲ್ಲಿ ಅಕ್ಕಿ ತುಂಬಿ ಒಳಗಿಟ್ಟುಕೊಂಡು ಒಂದು ವಾರ ಓಡಾಡಿ ನೋಡಬೇಕಂತೆ. ಚೀಲ ಹೊಲಿದುಕೊಡು ಎಂದಳು. ಚೀಟಿಯಲ್ಲಿ "ಮುನ್ನೂರು" ಎಂದು ಬರೆದಿತ್ತು.

ಹೊಲಿಯಬಾರದು ಎಂದುಕೊಂಡೆ. ಆದರೆ ಇನ್ಯಾವಳೋ ಹೊಲಿದು ಮೂಲೆಯಲ್ಲಿ ಗಂಟು ಬಿಟ್ಟರೆ ಇವಳಿಗೇ ಚುಚ್ಚುತ್ತದೆ. ಅಸ್ತರಿನ ತೆಳು ಬಟ್ಟೆ ತೆಗೆದುಕೊಂಡು, ಕಿತ್ತಳೆ ತೊಳೆಯ ಹಾಗೆ ನಾಲ್ಕು ತುಂಡು ಕತ್ತರಿಸಿ, ದುಂಡಗೆ ಹೊಲಿದೆ. ಅಕ್ಕಿ ಚೂಪು. ಸಾಸಿವೆ ಹಾಕಿದೆ, ಉರುಳಿಕೊಂಡು ಮೈಗೆ ಕೂರುತ್ತದೆ. ತಕ್ಕಡಿಯಲ್ಲಿ ಒಂದೊಂದಕ್ಕೂ ಸರಿಯಾಗಿ ಮುನ್ನೂರು ಗ್ರಾಂ ತೂಗಿದೆ.

ಚೆನ್ನಾಗಿ ಬಂತು. ಹೇಳಿಕೊಳ್ಳುವ ಹಾಗಿಲ್ಲ, ಆದರೆ ಚೆನ್ನಾಗಿ ಬಂತು.

ಮಾರ್ಚ್ ೧೭, ಸೋಮವಾರ

ಹಾಕಿಕೊಂಡು ಕೆಲಸಕ್ಕೆ ಹೋದಳು. ಅಂಗಿಯ ಎರಡನೇ ಗುಂಡಿ ಬಿಗಿದು ಬಾಯಿ ಬಿಟ್ಟಿತ್ತು. ನನಗೇ ಜಾಸ್ತಿ ಎನ್ನಿಸಿತು. ಹೇಳಲಿಲ್ಲ. ಬಾಯಿ ಮುಚ್ಚು ಎಂದವಳು ಅವಳೇ ಅಲ್ಲವೇ.

ಸಂಜೆ ಬಂದಾಗ ಚೀಲ ಎರಡೂ ಕೈಚೀಲದಲ್ಲಿದ್ದವು. ಮಧ್ಯಾಹ್ನವೇ ತೆಗೆದಳಂತೆ. ಊಟಕ್ಕೆ ಕೂರಲಿಲ್ಲ. ಮನಸ್ಸು ಬದಲಾಯಿಸುತ್ತಾಳೆ ಎನಿಸಿತು. ನಾನು ಎರಡು ಸಲ ಬಡಿಸಿಕೊಂಡೆ.

ಮಾರ್ಚ್ ೧೯, ಬುಧವಾರ

ಜಗಳ. ಪಕ್ಕದ ಬೀಗದ ಕೈ ಮಾಡುವವನು ಬಂದು ಇಣುಕಿ ನೋಡಿ ಹೋಗುವಷ್ಟು.

ಗ್ರಾಂ ಅಲ್ಲವಂತೆ. ಮಿಲಿಯಂತೆ. ಔಷಧಿ ಅಳೆಯುವ ಲೋಟದಲ್ಲಿ ಅಳೆಯಬೇಕಂತೆ. ಸಾಸಿವೆ ನೀರಿಗಿಂತ ಹಗುರ, ಮುನ್ನೂರು ಗ್ರಾಂ ತುಂಬಿದರೆ ನಾನೂರರ ಮೇಲೆ ಗಾತ್ರ ಬರುತ್ತದೆ. ಲೋಟದಲ್ಲಿ ಸುರಿದು ತೋರಿಸಿದಳು. ಬಂತು.

"ಡಾಕ್ಟರ್ ಲೋಟ ಅಂತ ಹೇಳಿದ್ರು, ನಿನ್ನೆದುರಿಗೇ. ನೀನು ಬೇಕಂತ್ಲೇ ಮಾಡಿದೀಯಾ."

"ನಾನು ಯಾವತ್ತಾದ್ರೂ ಲೋಟದಲ್ಲಿ ಅಳೆದಿದ್ದು ಕಂಡಿದೀಯಾ? ಎಲ್ಲ ತೂಗಿ ತರೋದು, ಇದನ್ನೂ ತೂಗಿದೆ."

"ಅಂಗಡೀಲಿ ಗಿರಾಕಿಗೆ ಬಗ್ಗಿ ಫ್ರೇಮ್ ಹಾಕ್ತಿದ್ದೆ. ಗುಂಡಿ ಕಿತ್ತು ಅವಳ ಮಡಿಲಲ್ಲಿ ಬಿತ್ತು. ಸಂತೋಷ ಆಯ್ತಾ?"

"ನನಗ್ಯಾಕೆ ಸಂತೋಷ?"

"ಹದಿನಾಲ್ಕನೇ ವಯಸ್ಸಲ್ಲಿ ಇಲ್ಲ ಅಂದೆ. ಈಗ ಅತಿ ಆಯ್ತು ಅಂತ ತೋರಿಸಿದೆ. ನಿನ್ನ ಕೈಯಲ್ಲಿ ನನ್ನ ಅಳತೆ ಒಂದು ದಿನಾನೂ ಸರಿ ಬಂದಿಲ್ಲಮ್ಮಾ."

ನಲವತ್ತೆರಡು ವರ್ಷ ಟೇಪು ಹಿಡಿದಿದ್ದೇನೆ. ಗೂನು ಬೆನ್ನಿನವರಿಗೆ, ಒಂದು ಭುಜ ತಗ್ಗಿದವರಿಗೆ, ತುಂಬು ಬಸುರಿಯರಿಗೆ ಹೊಲಿದಿದ್ದೇನೆ. ಯಾರೂ ಹೀಗೆ ಹೇಳಿಲ್ಲ.

ಬೇಕೆಂದು ಮಾಡಲಿಲ್ಲ. ಸತ್ಯವಾಗಿ ಇಲ್ಲ. ಆದರೆ ಮೊನ್ನೆ ಎರಡು ಸಲ ಬಡಿಸಿಕೊಂಡದ್ದು ಮೇಲೇ ಬರೆದಿದೆ, ಅದನ್ನೇನು ಹೊಡೆದುಹಾಕಲಿ.

ಮಾರ್ಚ್ ೨೦, ಗುರುವಾರ

ಅಡುಗೆಮನೆಯ ಗೋಡೆಗೆ ಹಾಳೆ ಅಂಟಿಸಿದ್ದಾಳೆ. ಖರ್ಚಿನ ಪಟ್ಟಿ. ನೋಡಲಿ ಎಂದೇ ಅಂಟಿಸಿದ್ದು.

ಡಾಕ್ಟರಿಗೆ ತೊಂಬತ್ತು ಸಾವಿರ. ದಿಂಬು ಒಂದು ಲಕ್ಷದ ಹತ್ತು. ಪ್ರಜ್ಞೆ ತಪ್ಪಿಸುವವರಿಗೆ ಇಪ್ಪತ್ತೈದು. ಆಪರೇಷನ್ ಕೋಣೆ, ಹಾಸಿಗೆ ಸೇರಿ ಮೂವತ್ತು. ಪರೀಕ್ಷೆಗಳಿಗೆ ಎಂಟು. ಔಷಧಿ ಏಳು. ಬಿಗಿ ಕಟ್ಟುವ ಒಳಅಂಗಿ ಎರಡು, ಐದು ಸಾವಿರ. ಇದನ್ನು ನಾನು ಇನ್ನೂರಕ್ಕೆ ಹೊಲಿದೇನು. ಸಂಬಳವಿಲ್ಲದ ರಜ ಹದಿನಾಲ್ಕು ದಿನ, ಹದಿನೆಂಟು.

ಕೊನೆಯ ಸಾಲು. "ನೋಡಿಕೊಳ್ಳುವವರಿಗೆ, ಏಳು ದಿನ — ಏಳು ಸಾವಿರ."

ಒಟ್ಟು ಮೂರು ಲಕ್ಷ. ಕೆಳಗೆ ಚಿಕ್ಕದಾಗಿ, ಮುಂದೆಂದಾದರೂ ಬದಲಾಯಿಸಬೇಕಾಗಿ ಬಂದರೆ ಎಂದು ತಿಂಗಳಿಗೆ ಸಾವಿರ ಬೇರೆ ಎತ್ತಿಡುವುದು.

ದುಡ್ಡು ಅವಳದು, ಆರು ವರ್ಷ ಕೂಡಿಟ್ಟದ್ದು. ಅದಕ್ಕೆ ನನ್ನ ತಕರಾರಿಲ್ಲ. ಏಳು ಸಾವಿರದ ಆ ಸಾಲಿಗಿದೆ. ಒಂದೇ ಗೋಡೆಯ ಈಚೆ ನಾನು ಮಲಗುತ್ತೇನೆ. ಹೆತ್ತಿದ್ದು ನಾನು, ಮೈಮೇಲೆ ಅಮ್ಮ ಎದ್ದಾಗ ಹನ್ನೊಂದು ದಿನ ಎತ್ತಿಕೊಂಡೇ ಹೊಲಿಗೆ ಮಿಷನ್ನು ತುಳಿದದ್ದು ನಾನು. ಈಗ ಇವಳಿಗೆ ನೀರು ಕುಡಿಸಲು ಬಾಡಿಗೆಯವಳು ಬೇಕು!

ಪೆನ್ನು ತೆಗೆದುಕೊಂಡು ಆ ಸಾಲು ಹೊಡೆದುಹಾಕಿದೆ.

ಮಾರ್ಚ್ ೨೧, ಶುಕ್ರವಾರ

ಮತ್ತೆ ಬರೆದಿದ್ದಾಳೆ. ಕೆಂಪು ಶಾಯಿಯಲ್ಲಿ.

ಮಾರ್ಚ್ ೨೨, ಶನಿವಾರ

ಕಾಜಾದವಳನ್ನು ಕೇಳಿಯೂ ಆಗಿದೆಯಂತೆ! "ಏಳು ದಿನ ಇರ್ತೀಯಾ ಆಂಟೀ ಅಂತ ಕೇಳಿದ್ಳು ಕಣಕ್ಕಾ. ದುಡ್ಡು ಬೇಡ ಅಂದೆ. ಕೊಟ್ಟೇ ಕೊಡ್ತೀನಿ ಅಂದ್ಳು."

"ನಾನೇನು ಸತ್ತಿದೀನಾ?"

"ನೀನು ಬದುಕಿರೋದೇ ಅವಳಿಗೆ ಭಯ," ಎಂದು ಹಲ್ಲಲ್ಲಿ ದಾರ ಕಡಿದಳು. ಕಟ್ಟಿಸಿಕೊಂಡ ಹಲ್ಲು. "ನೋವಲ್ಲಿ ಮಲಗಿದವಳ ತಲೆ ಹತ್ರ ನಿಂತು ನೀನು ಏನಂತೀಯ ಅಂತ ನಮಗಿಬ್ಬರಿಗೂ ಗೊತ್ತು. ಬೇಕಿತ್ತಾ ಇದೆಲ್ಲ ನಿನಗೆ, ಅಂತೀಯ. ದಿನಕ್ಕೆ ಹತ್ತು ಸಲ ಅಂತೀಯ."

ಹತ್ತೇನಿಲ್ಲ.

ಮಾರ್ಚ್ ೨೩, ಭಾನುವಾರ

ಸುಮ್ಮನೆ ಕೂರಲಾಗದೆ ಅಟ್ಟ ಹತ್ತಿದೆ. ಹಳೇ ಅಳತೆ ಪುಸ್ತಕಗಳೆಲ್ಲ ಅಲ್ಲಿವೆ, ವರ್ಷಕ್ಕೊಂದು, ದಾರ ಕಟ್ಟಿ. ಅಳತೆ ಸರಿ ಬಂದಿಲ್ಲ ಎಂದಳಲ್ಲ, ಸರಿಯಾಗಿಯೇ ಇತ್ತು ಎಂದು ಮುಖದ ಮುಂದೆ ಹಿಡಿಯಬೇಕು.

ಆಗ ನಾನು ಟೇಪು ಹಿಡಿದು ಕೂಗುತ್ತಿದ್ದೆ, ಅವಳು ಬರೆಯುತ್ತಿದ್ದಳು. ಸ್ಕೂಲಿನಿಂದ ಬಂದವಳೇ ಚೀಲ ಇಟ್ಟು ಸ್ಟೂಲಿನ ಮೇಲೆ ಕೂರುತ್ತಿದ್ದಳು. ನಾನು ಕೂಗಿದ್ದನ್ನೆಲ್ಲ ಬರೆ, ನಿನ್ನ ತಲೆ ಓಡಿಸಬೇಡ ಎಂದು ಹೇಳಿಕೊಟ್ಟಿದ್ದೆ. ಒಂದಕ್ಷರ ಬಿಡುತ್ತಿರಲಿಲ್ಲ. "ಹೊಟ್ಟೆ ಮೂವತ್ತೆಂಟು, ಎಳ್ಕೊಂಡಿದಾಳೆ, ನಲವತ್ತು ಹಾಕು" ಎಂದರೆ ಅದನ್ನೂ ಬರೆದುಬಿಡುವವಳು. ಗಿರಾಕಿಗಳು ಬಿದ್ದು ಬಿದ್ದು ನಗುವರು.

ಸಿಕ್ಕಿತು. ನಾಲ್ಕು ಗಂಟೆಗೆ ಸಿಕ್ಕಿತು. ಕಟ್ಟಿ ಮತ್ತೆ ಇಟ್ಟೆ.

ಮಾರ್ಚ್ ೨೪, ಸೋಮವಾರ

ಸಿಕ್ಕಿದ್ದು ಏನೆಂದು ನಿನ್ನೆ ಬರೆಯಲಿಲ್ಲ. ಇವತ್ತು ಬರೆಯುತ್ತೇನೆ, ಇಲ್ಲದಿದ್ದರೆ ಕೈ ಕೆಲಸಕ್ಕೆ ಬಗ್ಗುವುದಿಲ್ಲ.

ಇಪ್ಪತ್ತೆರಡು ವರ್ಷದ ಹಿಂದಿನ ಪುಟ. ಅವಳ ಅಕ್ಷರ, ದುಂಡಗೆ. ಹೆಸರಿನ ಜಾಗದಲ್ಲಿ "ನಾನು". ಉದ್ದ ಇಪ್ಪತ್ಮೂರು. ಭುಜ ಹದಿಮೂರು. ಸೊಂಟ ಇಪ್ಪತ್ನಾಲ್ಕು. ಎದೆ ಎಂಬ ಕಡೆ, "ಏನೂ ಇಲ್ಲ." ಷರಾ ಎಂಬ ಕಡೆ, "ಹಲಗೆ. ಎರಡು ಪದರ ಸ್ಪಂಜು ಇಟ್ಟರೆ ಮನುಷ್ಯರ ಹಾಗೆ ಕಾಣುತ್ತಾಳೆ."

ನಾನು ಕೂಗಿದ್ದು. ಅವಳು ಬರೆದದ್ದು. ಒಂದಕ್ಷರ ಬಿಟ್ಟಿಲ್ಲ.

ನೆನಪಾಯಿತು. ಅಂಗಡಿಯಲ್ಲಿ ಮೂವರಿದ್ದರು. ನಕ್ಕರು. ಆ ದಿನ ಎರಡು ಹೊಸ ಆರ್ಡರು ಬಂದಿತ್ತು.

ಆಮೇಲೆ ನಾನು ಹೊಲಿದ ಅವಳ ಪ್ರತಿ ಅಂಗಿಗೂ ಸ್ಪಂಜು ಇಟ್ಟೆ. ಇಡಲಾ ಎಂದು ಕೇಳಲಿಲ್ಲ. ಒಳ್ಳೆಯದಕ್ಕೆ ಎಂದೇ ಇಟ್ಟದ್ದು. ಕೊನೆಯದು ಹೋದ ತಿಂಗಳು, ನೀಲಿ ಅಂಗಿಗೆ. ಈಗ ಕೈ ಅಳತೆ ತೆಗೆದುಕೊಳ್ಳುವುದೂ ಇಲ್ಲ, ತಾನಾಗಿ ಇಟ್ಟುಬಿಡುತ್ತದೆ.

ಕಾಜಾದವಳು, "ಯಾಕಕ್ಕಾ, ಯಾರಿಗೂ ಬೈದಿಲ್ಲ ಇವತ್ತು, ಜ್ವರಾನಾ?" ಎಂದಳು. ಬೈದೆ.

ಏಪ್ರಿಲ್ ೨, ಬುಧವಾರ

ಆಪರೇಷನ್ ಆದಮೇಲೆ ಕೈ ಮೇಲೆತ್ತಲು ಬರುವುದಿಲ್ಲವಂತೆ, ತಲೆಯಿಂದ ಹಾಕುವ ಬಟ್ಟೆ ನಡೆಯದು. ಆಸ್ಪತ್ರೆಯವರ ಕಾಗದದಲ್ಲಿ ಓದಿದೆ. ಮೇಜಿನ ಮೇಲೆ ಬಿಟ್ಟಿದ್ದಳು, ಅದಕ್ಕೆ ಓದಿದೆ.

ಹಳೇ ಮೆತ್ತನೆಯ ಹತ್ತಿ ಬಟ್ಟೆ ಹುಡುಕಿದೆ. ಮುಂದೆ ಪೂರ್ತಿ ತೆರೆಯುವ ಹಾಗೆ ಎರಡು ಅಂಗಿ. ಗುಂಡಿ ಬೇಡ, ಕೈ ನಡುಗುವಾಗ ಕಾಜಾ ಹುಡುಕುವುದು ಕಷ್ಟ. ಲಾಡಿ ಹಾಕಿದೆ. ಕಂಕುಳ ಹೊಲಿಗೆಯನ್ನು ಹೊರಕ್ಕೆ ತಿರುಗಿಸಿದೆ, ಒಳಗೆ ಒತ್ತಬಾರದು. ಎರಡು ಸಲ ಬಿಚ್ಚಿದೆ. ಶುಕ್ರವಾರ ಕೊಡಬೇಕಿದ್ದ ಗೌನು ಹಾಗೇ ಇದೆ, ಗಿರಾಕಿ ಬಂದು ಬಾಯಿ ಮಾಡಿ ಹೋದಳು. ಮಾಡಲಿ.

ಸಾಸಿವೆ ಚೀಲ ಬಿಚ್ಚಿ, ಔಷಧಿ ಲೋಟದಲ್ಲಿ ಅಳೆದು, ಮತ್ತೆ ಮೂರು ಜೊತೆ ಮಾಡಿದೆ. ಇನ್ನೂರು, ಇನ್ನೂರೈವತ್ತು, ಮುನ್ನೂರು. ಅಂಚಿನಲ್ಲಿ ದಾರದಿಂದ ಗುರುತು ಹಾಕಿ ಅವಳ ಮಂಚದ ಮೇಲೆ ಇಟ್ಟೆ. ಏನೂ ಹೇಳಲಿಲ್ಲ. ಹೇಳಿದರೆ ಕೆಡುತ್ತದೆ.

ಏಪ್ರಿಲ್ ೯, ಬುಧವಾರ

ಇನ್ನೂರೈವತ್ತು ಎಂದು ಡಾಕ್ಟರಿಗೆ ಹೇಳಿ ಬಂದಳು.

ಆ ಎರಡು ಅಂಗಿ ಕೊಟ್ಟೆ. ತೆಗೆದುಕೊಂಡವಳು ಮೊದಲು ಏನು ಮಾಡಿದಳೆಂದರೆ, ಒಳಗೆ ಕೈ ಹಾಕಿ ಎರಡು ಬೆರಳಲ್ಲಿ ಎದೆಯ ಅಸ್ತರು ಹಿಸುಕಿ ನೋಡಿದಳು. ಹಾಗೆ ನೋಡುವುದನ್ನು ಎಷ್ಟೋ ವರ್ಷದಿಂದ ಕಂಡಿದ್ದೇನೆ. ಬಟ್ಟೆ ಪರೀಕ್ಷೆ ಮಾಡುತ್ತಾಳೆ ಎಂದುಕೊಂಡಿದ್ದೆ, ದರ್ಜಿಯ ಮಗಳಲ್ಲವೇ.

ಎಡಗಡೆ ಹಿಸುಕಿದಳು. ಬಲಗಡೆ ಹಿಸುಕಿದಳು. ಎರಡನೇ ಅಂಗಿಯನ್ನೂ.

"ಸ್ಪಂಜು ಮರೆತ್ಯಾ?"

"ಇಲ್ಲ."

ನಿಂತೇ ಇದ್ದಳು. ನನಗೆ ಅಂಗಡಿಯ ದೀಪ ಆರಿಸುವುದಿತ್ತು, ಕತ್ತರಿ ಒರೆಸುವುದಿತ್ತು, ಏನೇನೋ ಇತ್ತು.

"ಪುಸ್ತಕ ನೋಡಿದೆ," ಎಂದೆ. "ಹಳೇದು."

"ಹೂಂ."

"ಯಾರಾದ್ರೂ ಹಾಗೆಲ್ಲ ಬರೀತಾರೇನೇ? ನಾನು ಕೂಗಿದೆ ಅಂತ?"

"ತಲೆ ಓಡಿಸ್ಬೇಡ ಅಂದಿದ್ದೆ."

"ಬೇರೆ ಹೊತ್ತಲ್ಲೆಲ್ಲ ನನ್ನ ಮಾತು ಬಹಳ ಕೇಳಿದೀಯ ಪಾಪ."

ಅವಳಿಗೆ ನಗು ಬಂತು. ನಗುತ್ತಾ ಕಣ್ಣು ಒರೆಸಿಕೊಂಡಳು. ನಾನು ಹೋಗಿ ದೀಪ ಆರಿಸಿದೆ. ಇನ್ನೂ ಬೆಳಕಿದ್ದಾಗಲೇ ಹಾಕಿದ್ದೆ, ದಂಡ.

ಏಪ್ರಿಲ್ ೧೪, ಸೋಮವಾರ

ಬೆಳಿಗ್ಗೆ ನೀರಿಗೆಂದು ಹೋದಾಗ ಹಾಳೆ ನೋಡಿದೆ. ಕೆಂಪು ಸಾಲಿಗೆ ಅಡ್ಡ ಗೆರೆ. ಅವಳೇ ಎಳೆದದ್ದು, ಸ್ಕೇಲು ಇಟ್ಟು. ಪಕ್ಕದಲ್ಲಿ, "ಅಮ್ಮ. ಬಾಯಿ ಮುಚ್ಚಿಕೊಂಡಿದ್ದರೆ." ಮೊತ್ತದ ಜಾಗ ಖಾಲಿ.

ಒಟ್ಟು ಎರಡು ಲಕ್ಷದ ತೊಂಬತ್ಮೂರು ಸಾವಿರ ಎಂದು ತಿದ್ದಿದ್ದಾಳೆ. ಕಾಜಾದವಳಿಗೆ ಹೇಳಿದೆ, ನಿನ್ನ ಏಳು ಸಾವಿರ ಹೋಯಿತು ಎಂದು. "ನಿನ್ನ ಬಾಯಿ ಮುಚ್ಚಿಸೋಕೆ ಏಳು ಸಾವಿರ ಎಲ್ಲಿ ಸಾಕಾಗುತ್ತೆ," ಎಂದಳು. ಇರಲಿ, ಇವಳಿಗೂ ಒಂದು ದಿನ ಇದೆ.

ಏಪ್ರಿಲ್ ೨೨, ಮಂಗಳವಾರ

ಆಸ್ಪತ್ರೆ. ಹತ್ತು ಗಂಟೆಗೆ ಒಳಗೆ ಕರೆದೊಯ್ದರು. ಕುರ್ಚಿ ಪ್ಲಾಸ್ಟಿಕ್ಕಿನದು, ಅಂಟುತ್ತದೆ. ಎದ್ದೆ, ಕೂತೆ. ಗೋಡೆಯ ಗಡಿಯಾರ ನಾಲ್ಕು ನಿಮಿಷ ಮುಂದಿದೆ. ಕೌಂಟರಿನವಳು ನನ್ನನ್ನು ನೋಡಿ ತಲೆ ತಗ್ಗಿಸಿ ಬೇಗ ಬೇಗ ಬರೆಯತೊಡಗಿದಳು, ಎಲ್ಲಿ ಚೌಕಾಸಿಗೆ ಬರುತ್ತೇನೋ ಎಂದು.

ನನ್ನ ಅಂಗಿಯ ಅಂಚು ಬಿಚ್ಚಿ ಮತ್ತೆ ಹೊಲಿದೆ. ಕೈಚೀಲದಲ್ಲಿ ಸೂಜಿ ಯಾವಾಗಲೂ ಇರುತ್ತದೆ. ಇನ್ನೊಂದು ಸಲ ಬಿಚ್ಚಿದೆ.

ಪಕ್ಕದಲ್ಲಿ ಕೂತವಳು, "ಒಳಗೆ ಯಾರು, ಏನು ಆಪರೇಷನ್ನು?" ಎಂದು ಕೇಳಿದಳು.

"ಮಗಳು. ಅವಳಿಗೆ ಬೇಕಾದ್ದು," ಎಂದೆ.

ಹನ್ನೆರಡೂವರೆಗೆ ಹೊರಗೆ ತಂದರು. ಮುಖ ಹದಿನಾಲ್ಕು ವರ್ಷದವಳ ಹಾಗೆ ಸಣ್ಣಗಾಗಿತ್ತು.

ಏಪ್ರಿಲ್ ೨೪, ಗುರುವಾರ

ಮನೆಗೆ ಬಂದೆವು. ಮೂರನೇ ದಿನ ನೋವು ಹೆಚ್ಚು ಎಂದು ಮೊದಲೇ ಹೇಳಿದ್ದರು. ಮೈಮೇಲೆ ಬೀಸುಕಲ್ಲು ಇಟ್ಟ ಹಾಗಿದೆಯಂತೆ. ತಲೆ ತೊಳೆದೆ, ಬಾಚಿದೆ, ಲಾಡಿ ಕಟ್ಟಿದೆ. "ಬೇಕಿತ್ತಾ" ಎಂಬುದು ನಾಲಿಗೆಯ ತುದಿಯವರೆಗೆ ಏಳು ಸಲ ಬಂತು. ನುಂಗಿದೆ. ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಓಡಾಡಿದೆ, ಪಿನ್ನು ಇದ್ದಾಗ ಮಾತು ಬರುವುದಿಲ್ಲ.

ಮಧ್ಯಾಹ್ನ ಅಳುತ್ತಾ ಅಂದಳು. "ಬೈಯಮ್ಮಾ ಏನಾದ್ರೂ. ನೀನು ಸುಮ್ನಿದ್ರೆ ನಾನು ಸಾಯ್ತಿದೀನೇನೋ ಅಂತ ಭಯ ಆಗುತ್ತೆ."

ಪಿನ್ನು ತೆಗೆದು ಕಾಜಾದವಳನ್ನು ಅರ್ಧ ಗಂಟೆ ಬೈದೆ. ಪಾಪ, ಅವಳು ಇರಲಿಲ್ಲ. ಮಗಳು ನಗಬಾರದು, ಹೊಲಿಗೆ ಎಳೆಯುತ್ತದೆ ಎಂದು ದಿಂಬು ಕಚ್ಚಿಕೊಂಡಳು.

ಜೂನ್ ೫, ಗುರುವಾರ

ಬಹಳ ದಿನವಾಯಿತು. ಕೆಲಸ ರಾಶಿ ಬಿದ್ದಿತ್ತು, ಬರೆಯುವಂಥದ್ದೂ ಇರಲಿಲ್ಲ.

ಹೊಸ ಅಂಗಿ ಹೊಲಿಯಬೇಕು ಎಂದು ಇವತ್ತು ಬಟ್ಟೆ ತಂದಳು, ಹಸಿರು. ಟೇಪು ತೆಗೆದುಕೊಂಡು ಎದ್ದೆ. ಅವಳು ನನ್ನ ಕೈಯಿಂದ ಟೇಪು ತೆಗೆದುಕೊಂಡು, ಸ್ಟೂಲು ತೋರಿಸಿದಳು. ಕೂತೆ. ಪುಸ್ತಕ ಮುಂದಿನಿಂದ ತೆಗೆದೆ. ಅಂಗಡಿಯಲ್ಲಿ ಕಾಜಾದವಳೂ ಇಬ್ಬರು ಗಿರಾಕಿಗಳೂ ಇದ್ದರು.

ಕನ್ನಡಿಯ ಮುಂದೆ ನಿಂತು ತಾನೇ ಅಳೆದುಕೊಂಡು ಕೂಗಿದಳು. ದೊಡ್ಡ ದನಿಯಲ್ಲೇ. ಉದ್ದ ಇಪ್ಪತ್ತೈದು. ಭುಜ ಹದಿನಾಲ್ಕೂವರೆ. ಎದೆ ಮೂವತ್ತನಾಲ್ಕು. ಬರೆದೆ. ಟೇಪು ಬೆನ್ನ ಹಿಂದೆ ಸ್ವಲ್ಪ ಜಾರಿತ್ತು, ಅರ್ಧ ಇಂಚು ಹೆಚ್ಚು ಕಡಿಮೆ ಇದ್ದೀತು. ಕಾಜಾದವಳು ನನ್ನನ್ನೇ ನೋಡುತ್ತಿದ್ದಳು. ಮೂವತ್ತನಾಲ್ಕು ಎಂದೇ ಬರೆದೆ.

"ಷರಾ?" ಎಂದೆ.

ಕನ್ನಡಿಯಲ್ಲಿ ಇನ್ನೊಂದು ಸಲ ನೋಡಿಕೊಂಡಳು. ಆ ಹದಿನೈದನೇ ಫ್ರೇಮಿನ ಹೆಂಗಸು ನೋಡಿಕೊಂಡ ಹಾಗೆ.

"ಏನೂ ಬೇಡ. ಖಾಲಿ ಬಿಡು."

ಕೈ ತುರಿಸಿತು. ಬಿಟ್ಟೆ.